ನಾಲೆ ಏರಿ ಹಿಡಿದು ಬರ್ಕಮ್‌ಸ್ಟೆಡ್ ಕೋಟೆಗೆ

ಬರ್ಕಮ್‌ಸ್ಟೆಡ್ ಕೋಟೆಗೆ ನಾನು ಎರಡು ಸಲ ಹೋಗಿದ್ದೇನೆ. ಮೊದಲ ಸಲ ಲಂಡನ್ನಿನ ಯೂಸ್ಟನ್‌ನಲ್ಲಿ ರೈಲು ಹತ್ತಿ ಬಂದು, ಸ್ಟೇಷನ್ ಪಕ್ಕದಲ್ಲೇ ಇರುವ ಕೋಟೆಯನ್ನು ಕಾಲು ಗಂಟೆಯಲ್ಲಿ ಸುತ್ತಿ ಮುಗಿಸಿದ್ದೆ. ಮುರಿದ ಗೋಡೆ, ಹುಲ್ಲು, ಒಂದು ದಿಬ್ಬ. ಅಷ್ಟೇ ಕಂಡಿದ್ದು. ಎರಡನೇ ಸಲ ಮಂಡ್ಯದಿಂದ ಬಂದಿದ್ದ ಅಮ್ಮ ಜೊತೆಗಿದ್ದರು. ಈ ಸಲ ಒಂದು ಸ್ಟೇಷನ್ ಮುಂದೆ ಹೋಗಿ ಟ್ರಿಂಗ್‌ನಲ್ಲಿ ಇಳಿದು, ಕಾಲುವೆ ದಂಡೆ ಹಿಡಿದು ಹಿಂದಕ್ಕೆ ನಡೆದುಕೊಂಡು ಬಂದೆವು. ಏಳೆಂಟು ಕಿಲೋಮೀಟರ್. ಕೋಟೆ ಅರ್ಥವಾಗಿದ್ದು ಆಗ.

ಇದು ಗ್ರ್ಯಾಂಡ್ ಯೂನಿಯನ್ ಕಾಲುವೆ. ಮೊದಲ ಹೆಸರು ಗ್ರ್ಯಾಂಡ್ ಜಂಕ್ಷನ್. 1793ರಲ್ಲಿ ಪಾರ್ಲಿಮೆಂಟ್ ಒಪ್ಪಿಗೆ ಸಿಕ್ಕಿ ಅಗೆತ ಶುರುವಾಯಿತು. ಟ್ರಿಂಗ್ ಹತ್ತಿರ ಗುಡ್ಡವನ್ನೇ ಸೀಳಿ ಕಾಲುವೆ ತೆಗೆದಿದ್ದಾರೆ. ಎಲ್ಲಾ ಗುದ್ದಲಿ, ಸನಿಕೆಯ ಕೆಲಸ. ಎರಡೂ ಕಡೆ ಮರ ಬಾಗಿ ಅಲ್ಲಿ ನೆರಳು ಜಾಸ್ತಿ. ಹಿಂದಿನ ದಿನ ಮಳೆ ಬಂದಿದ್ದರಿಂದ ಕೆಸರೂ ಜಾಸ್ತಿ. ಗಟ್ಟಿ ಅಡಿ ಇರುವ ಶೂ ಹಾಕಿಕೊಂಡೇ ಹೋಗಿ. ಅಮ್ಮ ಎರಡು ಸಲ ಜಾರಿ ನನ್ನ ಕೈ ಹಿಡಿದುಕೊಂಡರು.

ವಿಶ್ವೇಶ್ವರಯ್ಯ ನಾಲೆಯ ಬಯಲಲ್ಲಿ ಬೆಳೆದವರು ಅಮ್ಮ. ಅವರ ಮೊದಲ ಪ್ರಶ್ನೆ, "ಈ ನೀರು ಯಾವ ಗದ್ದೆಗೆ ಹೋಯ್ತದೆ ಮಗ?"

ಯಾವ ಗದ್ದೆಗೂ ಇಲ್ಲಮ್ಮ, ದೋಣಿಗೆ ಅಂದೆ. ನಾವು ನಡೀತಿದ್ದ ದಾರಿಯಲ್ಲೇ ಕುದುರೆ ನಡೆಯುತ್ತಿತ್ತು, ಹಗ್ಗ ಕಟ್ಟಿ ಸರಕಿನ ದೋಣಿ ಎಳೆಯುತ್ತಿತ್ತು. ಒಂದು ಸೇತುವೆಯ ಕೆಳಗೆ ಅದರ ಗುರುತು ತೋರಿಸಿದೆ. ಮೂಲೆಗೆ ಹೊಡೆದ ಕಬ್ಬಿಣದ ಪಟ್ಟಿಯಲ್ಲಿ ಬೆರಳು ಕೂರುವಷ್ಟು ಆಳದ ಗೀರುಗಳು. ಒದ್ದೆ ಹಗ್ಗ ಉಜ್ಜಿ ಉಜ್ಜಿ ಕಬ್ಬಿಣ ಸವೆದಿದೆ. ನಮ್ಮೂರ ಬಾವಿಕಟ್ಟೆಯ ಕಲ್ಲೂ ಹೀಗೇ ಅಲ್ವಾ ಅಂತ ಅಮ್ಮ ಅದರ ಮೇಲೆ ಬೆರಳಾಡಿಸಿದರು.

ಕೌರೋಸ್ಟ್ ಎಂಬಲ್ಲಿಂದ ನೀರು ಇಳಿಜಾರಿಗೆ ಬೀಳುತ್ತದೆ. ಅಲ್ಲಿಂದ ಲಾಕ್‌ಗಳು ಶುರು. ಲಾಕ್ ಅಂದರೆ ನೀರಿನ ಮೆಟ್ಟಿಲು. ಎರಡು ಕಡೆ ಬಾಗಿಲಿರುವ ಇಟ್ಟಿಗೆಯ ತೊಟ್ಟಿ. ದೋಣಿ ಒಳಗೆ ಬಂದ ಮೇಲೆ ಮೇಲಿನ ಬಾಗಿಲು ಮುಚ್ಚಿ, ಕೆಳಗಿನ ತೂಬು ತಿರುವುತ್ತಾರೆ. ನೀರು ಇಳಿದಂತೆ ದೋಣಿಯೂ ಇಳಿಯುತ್ತದೆ. ಒಬ್ಬ ಹೆಂಗಸು ಬಾಗಿಲಿನ ಉದ್ದನೆ ಮರದ ತೊಲೆಗೆ ಬೆನ್ನು ಕೊಟ್ಟು ನೂಕುತ್ತಿದ್ದರು. ಅಮ್ಮನೂ ಹೋಗಿ ಬೆನ್ನು ಕೊಟ್ಟರು. ಭಾಷೆ ಬೇಕಾಗಲಿಲ್ಲ. "ಒಂದು ದೋಣಿ ಇಳಿಯೋಕೆ ಇಷ್ಟು ನೀರಾ!" ಅಂತ ಆಮೇಲೆ ತುಂಬ ಹೊತ್ತು ಹೇಳುತ್ತಿದ್ದರು. ನಿಜ. ಈ ನೀರಿಗಾಗಿಯೇ ಟ್ರಿಂಗ್ ಹತ್ತಿರ ಕೆರೆಗಳನ್ನು ಕಟ್ಟಿದ್ದಾರೆ.

53ನೇ ಲಾಕ್ ಹತ್ತಿರ ದಂಡೆ ಬಿಟ್ಟು, ರೈಲ್ವೆ ಸೇತುವೆ ಕೆಳಗೆ ನುಸುಳಿದರೆ ಕೋಟೆ. ಟಿಕೆಟ್ ಇಲ್ಲ. ಒಳಗೆ ಅಂಗಡಿಯೂ ಇಲ್ಲ. ನಾವು ಚಿತ್ರಾನ್ನ ಕಟ್ಟಿಕೊಂಡು ಹೋಗಿದ್ದೆವು. ಚಳಿಗಾಲದಲ್ಲಿ ಬೇಗ ಬಾಗಿಲು ಹಾಕುತ್ತಾರೆ, ಹೊರಡುವ ಮುಂಚೆ ಸಮಯ ನೋಡಿಕೊಳ್ಳಿ.

"ಕೋಟೆ ಅಂದ್ರೆ ಬೆಟ್ಟದ ಮೇಲಿರಬೇಕಲ್ವಾ?" ಅಂದರು ಅಮ್ಮ. ಇಲ್ಲಿ ಕಾಯಬೇಕಿದ್ದದ್ದು ದಾರಿ. ಚಿಲ್ಟರ್ನ್ ಗುಡ್ಡಗಳ ನಡುವೆ ಲಂಡನ್ನಿಗೆ ಹೋಗುವ ಕಣಿವೆ ಇದು. ನಾವು ಬೆಳಗ್ಗೆಯಿಂದ ನಡೆದು ಬಂದದ್ದೂ ಅದರಲ್ಲೇ. 1066ರಲ್ಲಿ ಫ್ರಾನ್ಸಿನ ನಾರ್ಮಂಡಿಯಿಂದ ದಂಡೆತ್ತಿ ಬಂದು ಹೇಸ್ಟಿಂಗ್ಸ್ ಯುದ್ಧ ಗೆದ್ದ ವಿಲಿಯಂಗೆ ಇಂಗ್ಲಿಷ್ ಮುಖಂಡರು ಶರಣಾದದ್ದು ಬರ್ಕಮ್‌ಸ್ಟೆಡ್‌ನಲ್ಲೇ. ಆಮೇಲೆ ಅವನ ಮಲತಮ್ಮ ರಾಬರ್ಟ್ ಕೈಗೆ ಈ ಜಾಗ ಬಂತು. ಮಣ್ಣು ಗುಡ್ಡೆ ಹಾಕಿ ದಿಬ್ಬ, ಸುತ್ತ ನೀರು ತುಂಬಿದ ಕಂದಕ, ಒಂದಲ್ಲ, ಎರಡು. "ಹಂಗಾದ್ರೆ ನಮ್ಮ ಶ್ರೀರಂಗಪಟ್ಟಣದ ಥರ, ನೀರನ್ನೇ ನಂಬ್ಕೊಂಡಿರೋ ಕೋಟೆ" ಅಂದರು. ಮೊದಲ ಸಲ ಬಂದಾಗ ನನಗೆ ಅದು ಹೊಳೆದಿರಲಿಲ್ಲ. ಆದರೂ 1216ರಲ್ಲಿ ಫ್ರಾನ್ಸಿನ ರಾಜಕುಮಾರ ಲೂಯಿ ಕವಣೆ ಯಂತ್ರದಿಂದ ಕಲ್ಲು ಎಸೆದು ಎಸೆದು, ಸುಮಾರು 20 ದಿನದಲ್ಲಿ ಇದನ್ನು ಹಿಡಿದ.

ಗೋಡೆ ಹತ್ತಿರ ಹೋಗಿ ನೋಡಿ. ಗಾರೆಯಲ್ಲಿ ಹೂತ ಫ್ಲಿಂಟ್ ಕಲ್ಲುಗಳು. ಒಡೆದ ಮುಖ ಕಪ್ಪು ಗಾಜಿನ ಹಾಗೆ ಹೊಳೆಯುತ್ತದೆ, ಅಂಚು ಬಿಳಿ ಸುಣ್ಣ. ಈಗ ನಮಗೆ ಕಾಣೋದು ಗೋಡೆಯ ಹೊಟ್ಟೆ. 1580ರ ಹೊತ್ತಿಗೆ ಎಡ್ವರ್ಡ್ ಕ್ಯಾರಿ ಎಂಬಾತ ಇಲ್ಲಿನ ಕಲ್ಲು ಕಿತ್ತು ಗುಡ್ಡದ ಮೇಲೆ ಬಂಗಲೆ ಕಟ್ಟಿಸಿಕೊಂಡ. ರಾಣಿ ಎಲಿಜಬೆತ್‌ಗೆ ಅವನು ಕೊಡಬೇಕಿದ್ದ ಗುತ್ತಿಗೆ ವರ್ಷಕ್ಕೆ ಒಂದು ಕೆಂಪು ಗುಲಾಬಿ.

ಅಮ್ಮನನ್ನು ಹಿಡಿದು ನಿಲ್ಲಿಸಿದ್ದು ಈ ಕೋಟೆಯಲ್ಲಿ ಕೊನೆಗೆ ವಾಸವಿದ್ದ ಸಿಸಿಲಿ ನೆವಿಲ್ ಕಥೆ. ನಾಲ್ಕನೇ ಎಡ್ವರ್ಡ್, ಮೂರನೇ ರಿಚರ್ಡ್, ಇಬ್ಬರು ರಾಜರನ್ನು ಹೆತ್ತವಳು. ಇಬ್ಬರೂ ಅವಳಿಗಿಂತ ಮುಂಚೆ ಸತ್ತರು. 1495ರಲ್ಲಿ ಅವಳೂ ಹೋದ ಮೇಲೆ ಇಲ್ಲಿ ಯಾರೂ ವಾಸ ಮಾಡಲಿಲ್ಲ. ಅಮ್ಮ ಚಿತ್ರಾನ್ನದ ಡಬ್ಬಿ ಮುಚ್ಚಿ ಸುಮ್ನೆ ಕೂತುಬಿಟ್ಟರು. ಸ್ವಲ್ಪ ಹೊತ್ತಾದ ಮೇಲೆ, "ಮಕ್ಕಳು ಹೋದ್ಮೇಲೆ ಇಷ್ಟು ದೊಡ್ಡ ಮನೇಲಿ ಹೆಂಗಿದ್ದಳೋ" ಅಂದರು.

ದಿಬ್ಬ ಹತ್ತಲೇಬೇಕು. ಮೇಲಿಂದ ಎರಡೂ ಕಂದಕದ ಗೆರೆ ಕಾಣುತ್ತದೆ, ಅದಕ್ಕೆ ಒತ್ತಿಕೊಂಡೇ ರೈಲು ಓಡುತ್ತದೆ. 1830ರ ದಶಕದಲ್ಲಿ ರೈಲು ಹಾಕುವಾಗ ಕೋಟೆಯನ್ನು ಉಳಿಸಬೇಕು ಅಂತ ಪಾರ್ಲಿಮೆಂಟ್ ಕಾಯ್ದೆಯಲ್ಲೇ ಬರೆಸಿದರು. ಹಾಗೆ ರಕ್ಷಣೆ ಪಡೆದ ಇಂಗ್ಲೆಂಡಿನ ಮೊದಲ ಕಟ್ಟಡ ಇದು. ಆದರೂ ಹೊರಗಿನ ಕಂದಕದ ಒಂದು ಭಾಗ ಮತ್ತು ಹೆಬ್ಬಾಗಿಲು ರೈಲ್ವೆ ಏರಿಯ ಕೆಳಗೆ ಹೋದವು.

ವಾಪಸ್ ಬರುವಾಗ ಅಮ್ಮನನ್ನು ಎಡಗಡೆ ಕಿಟಕಿ ಪಕ್ಕ ಕೂರಿಸಿದೆ. ರೈಲು ಹೊರಡುತ್ತಲೇ ದಿಬ್ಬ ಕಾಣುತ್ತದೆ, ಕೆಲವೇ ಸೆಕೆಂಡು. ಅಮ್ಮ ಗಾಜಿಗೆ ಹಣೆ ತಾಗಿಸಿ, ಮರ ಅಡ್ಡ ಬರುವವರೆಗೂ ನೋಡಿದರು.