ಸಿಲ್ವರ್ ಓಕ್ ಕಡಿಯೋ ಮುಂಚೆ ಒಂದು ಮಾತು

ಕಾಫಿ ತೋಟದಲ್ಲಿ ಮರಗಸಿ, ಅಂದರೆ ನೆರಳು ಮರಗಳ ಕೊಂಬೆ ಸವರೋ ಕೆಲಸ, ಶುರುವಾಗೋ ಹೊತ್ತು, ಅದಕ್ಕೇ ಬರೀತಿದ್ದೇನೆ. ವ್ಯಾಪಾರಿ ಒಳ್ಳೆ ರೇಟು ಹೇಳಿದ ಅಂತ ಸಿಲ್ವರ್ ಓಕನ್ನೆಲ್ಲ ಒಂದೇ ಸಲ ಉರುಳಿಸಬೇಡಿ. ಆಸ್ಟ್ರೇಲಿಯಾದಿಂದ ಬಂದ ಮರ ಹೌದು, ಹಲಸು, ಅತ್ತಿಯಷ್ಟು ನೆರಳೂ ಕೊಡಲ್ಲ. ಆದರೂ ಇಲ್ಲದ ನೆರಳಿಗಿಂತ ವಾಸಿ. ನಾನು ಒಂದು ಪಟ್ಟಿ ಪೂರ್ತಿ ಕಡಿಸಿ ಮಾರ್ಚ್ ಬಿಸಿಲಿಗೆ ಗಿಡದ ಎಲೆ ಸುಟ್ಟಿದ್ದನ್ನು ನೋಡಿ ಕಲಿತೆ.

ಈಗ ಮಾಡೋದು ಹೀಗೆ. ಮೊದಲ ಮಳೆ ಹಿಡಿದಾಗ ಓಕಿನ ಬುಡದಿಂದ ಸ್ವಲ್ಪ ದೂರ ಅತ್ತಿ, ಹಲಸು, ನಂದಿ ಸಸಿ ಹಾಕಿಸ್ತೇನೆ. ಅವು ಕಾಫಿ ಗಿಡದ ತಲೆ ದಾಟಿದ ಮೇಲೆಯೇ ಓಕಿಗೆ ಕೊಡಲಿ, ಅದೂ ವರ್ಷಕ್ಕೆ ಕೆಲವೇ ಮರ. ಅತ್ತಿ ಹಣ್ಣಿಗೆ ಮಂಗಟ್ಟೆ ಹಕ್ಕಿ ಬರುತ್ತೆ, ಅದು ಬೋನಸ್ಸು.

ಮಳೆ ನೀರು ಇಂಗಿಸೋ ತೊಟ್ಟಿಲು ಗುಂಡಿ ಎಲ್ಲರಿಗೂ ಗೊತ್ತು: ಸಾಲಿನ ನಡುವೆ, ಇಳಿಜಾರಿಗೆ ಅಡ್ಡಲಾಗಿ, ಒಂದೂವರೆ ಅಡಿ ಆಳ. ಆದರೆ ಗುಡ್ಡದ ಕಡಿದಾದ ಬರೆಯಲ್ಲಿ, ನೆಲ ಬಿರುಕು ಬಿಟ್ಟ ಕಡೆ ತೆಗೆಯಲೇಬೇಡಿ. ನೀರು ಒಳಗಿಳಿದಷ್ಟೂ ಮಣ್ಣು ಭಾರ. 2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತ ಗುಡ್ಡ ಜಾರಿದ್ದು ನೆನಪಿದೆಯಲ್ಲ. ಅಂಥ ಕಡೆ ಚರಂಡಿ ಬಿಡಿಸಿ ನೀರು ಹೊರಗೆ ಕಳಿಸಿ, ಜೆಸಿಬಿ ಹತ್ತಿಸಬೇಡಿ.

ಇನ್ನೊಂದು, ಅಜ್ಜನ ಕಾಲದ ಮಳೆ ಡೈರಿ ಇದ್ದರೆ ಗುಜರಿಗೆ ಹಾಕಬೇಡಿ. ಹೂಮಳೆ (ಕಾಫಿ ಹೂ ಅರಳಿಸೋ ಬೇಸಿಗೆ ಮಳೆ) ಯಾವ ವಾರ, ಎಷ್ಟು ಸೆಂಟು (ಇಂಚಿನ ನೂರನೇ ಒಂದು ಪಾಲು) ಅಂತ ನೋಡಿದರೆ ಸ್ಪ್ರಿಂಕ್ಲರ್‌ಗೆ ಕೆರೆ ನೀರು ಎಷ್ಟು ಉಳಿಸಬೇಕು ಅನ್ನೋ ಅಂದಾಜು ಸಿಗುತ್ತೆ. ರೋಬಸ್ಟಾ ಕಾಫಿಗೆ ಇಪ್ಪತ್ತು ಸೆಂಟು ಬಿದ್ದು ನಿಂತರೆ ಹೂ ಅರ್ಧಂಬರ್ಧ. ಆಗ ಕಾಯದೆ ಪೈಪ್ ಎಳೆಯಿರಿ.