ಕ್ವಾರ್ಟರ್‌ಬ್ಯಾಕ್ ಆಗಬಯಸುವ ಮಕ್ಕಳಿಗೆ: ಹೈಸ್ಕೂಲಿನಿಂದ ಎನ್‌ಎಫ್‌ಎಲ್‌ವರೆಗೆ

2023ರ ಅಕ್ಟೋಬರ್ ತಿಂಗಳಲ್ಲಿ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧಿವೇಶನ ಮುಂಬೈಯಲ್ಲಿ ನಡೆದಾಗ, 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಕ್ರಿಕೆಟ್ ಸೇರಿತೆಂದು ಊರೆಲ್ಲ ಸಂಭ್ರಮಿಸಿತು. ಅದೇ ನಿರ್ಣಯದಲ್ಲಿ ಫ್ಲ್ಯಾಗ್ ಫುಟ್‌ಬಾಲ್ ಎಂಬ ಆಟಕ್ಕೂ ಒಪ್ಪಿಗೆ ಸಿಕ್ಕಿದ್ದನ್ನು ಗಮನಿಸಿದವರು ಕಡಿಮೆ. ಅಮೆರಿಕನ್ ಫುಟ್‌ಬಾಲ್‌ನಿಂದಲೇ ಹುಟ್ಟಿದ, ಆದರೆ ಎದುರಾಳಿಯನ್ನು ಹಿಡಿದು ಕೆಡವುವ ಬದಲು ಅವನ ಸೊಂಟದ ಪಟ್ಟಿಯಲ್ಲಿ ತೂಗುವ ಬಟ್ಟೆಯ ಚೂರನ್ನು ಕಿತ್ತುಕೊಳ್ಳುವ ಆಟ ಅದು. ಅಂದಿನಿಂದ ಮಾಟುಂಗಾ, ದಾದರ್ ಕಡೆಯ ಕನ್ನಡ ಮನೆಗಳಲ್ಲಿಯೂ ಪುಣೆಯಿಂದ ಕೆಲಸದ ಮೇಲೆ ಅಮೆರಿಕಕ್ಕೆ ಹೋದ ಕುಟುಂಬಗಳಲ್ಲಿಯೂ ಒಂದು ಪ್ರಶ್ನೆ ನನ್ನ ಕಿವಿಗೆ ಆಗಾಗ ಬೀಳುತ್ತಿದೆ: ಹುಡುಗ ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡೆಸೆದು ತಂಡವನ್ನು ನಡೆಸುವ ಕ್ವಾರ್ಟರ್‌ಬ್ಯಾಕ್ ಆಗುತ್ತೇನೆ ಅನ್ನುತ್ತಾನೆ, ಅದಕ್ಕೆ ದಾರಿ ಯಾವುದು? ನಾನು ಬಹಳ ವರ್ಷ ಶಾಲೆಯಲ್ಲಿ ದೈಹಿಕ ಶಿಕ್ಷಕನಾಗಿದ್ದವನು. ನನ್ನ ತಂಗಿಯ ಮಗ ಟೆಕ್ಸಾಸ್‌ನ ಹೈಸ್ಕೂಲೊಂದರಲ್ಲಿ ಈ ಸ್ಥಾನದಲ್ಲಿ ಆಡುತ್ತಿರುವುದರಿಂದ ಆ ದಾರಿಯ ತಿರುವುಗಳನ್ನು ಹತ್ತಿರದಿಂದ ತಿಳಿಯುವ ಅವಕಾಶ ನನಗೆ ಸಿಕ್ಕಿತು.

ಮೊದಲಿಗೆ ಒಂದು ಮಾತನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಅಮೆರಿಕದ ಹೈಸ್ಕೂಲುಗಳಲ್ಲಿ ಅಮೆರಿಕನ್ ಫುಟ್‌ಬಾಲ್ ಆಡುವ ಮಕ್ಕಳು ಸುಮಾರು ಹತ್ತು ಲಕ್ಷ; ಅಲ್ಲಿನ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ ತಂಡಗಳು 32; ಒಂದು ತಂಡದಲ್ಲಿ ಒಂದು ಹೊತ್ತಿಗೆ ಮೈದಾನದಲ್ಲಿರುವ ಕ್ವಾರ್ಟರ್‌ಬ್ಯಾಕ್ ಒಬ್ಬನೇ. ಓಡುವವರಲ್ಲಿ, ತಡೆಯುವವರಲ್ಲಿ ನಾಲ್ವರನ್ನು ಸರದಿಯಂತೆ ಆಡಿಸಬಹುದು, ಈ ಸ್ಥಾನದಲ್ಲಿ ಹಾಗೆ ಮಾಡುವುದಿಲ್ಲ. ಎರಡನೆಯವನಾದರೆ ಇಡೀ ಋತು ಬೆಂಚಿನ ಮೇಲೆಯೇ ಕಳೆಯಬಹುದು. ಆದ್ದರಿಂದ ನನ್ನ ಸಲಹೆಯ ತಿರುಳು ಇಷ್ಟೇ: ಹೈಸ್ಕೂಲಿನಲ್ಲಾಗಲಿ, ಕಾಲೇಜಿನಲ್ಲಾಗಲಿ, ಹೆಸರುವಾಸಿಯಾದ ತಂಡಕ್ಕಿಂತ ಪಂದ್ಯ ಆಡಲು ಸಿಗುವ ತಂಡವನ್ನು ಆರಿಸಿಕೊಳ್ಳಿ. ಮುಂದಿನ ಪ್ರತಿಯೊಂದು ಮೆಟ್ಟಿಲೂ ಆಡಿದ ಪಂದ್ಯಗಳ ವಿಡಿಯೊದ ಮೇಲೆ ನಿಂತಿದೆ.

ಕ್ವಾರ್ಟರ್‌ಬ್ಯಾಕ್‌ನ ಕೆಲಸವನ್ನು ಕ್ರಿಕೆಟ್ ಬಲ್ಲವರಿಗೆ ಹೀಗೆ ಹೇಳಬಹುದು: ಅವನು ನಾಯಕನೂ ಹೌದು, ಪ್ರತಿ ಚೆಂಡನ್ನೂ ಮೊದಲು ಕೈಗೆ ತೆಗೆದುಕೊಳ್ಳುವವನೂ ಹೌದು. ಹನ್ನೊಂದು ಮಂದಿಯ ತಂಡಕ್ಕೆ ಹತ್ತು ಗಜ ಮುನ್ನಡೆಯಲು ನಾಲ್ಕು ಅವಕಾಶಗಳಿರುತ್ತವೆ. ಪ್ರತಿ ಅವಕಾಶದಲ್ಲೂ ಸೆಂಟರ್ ಎಂಬ ನಡುಸಾಲಿನ ಆಟಗಾರ ತನ್ನ ಕಾಲುಗಳ ನಡುವಿನಿಂದ ಚೆಂಡನ್ನು ಹಿಂದಕ್ಕೆ ಕೊಟ್ಟೊಡನೆ, ಅದನ್ನು ಓಟಗಾರನ ಕೈಗಿಡಬೇಕೋ, ದೂರದಲ್ಲಿ ಓಡುತ್ತಿರುವ ರಿಸೀವರ್‌ಗೆ ಎಸೆಯಬೇಕೋ, ತಾನೇ ಓಡಬೇಕೋ ಎಂಬುದನ್ನು ಎರಡು ಮೂರು ಸೆಕೆಂಡುಗಳಲ್ಲಿ ನಿರ್ಧರಿಸಬೇಕು. ಅಷ್ಟರಲ್ಲಿ ನೂರಿಪ್ಪತ್ತು, ನೂರಮೂವತ್ತು ಕಿಲೊ ತೂಕದ ಆಳುಗಳು ಅವನ ಮೇಲೆ ನುಗ್ಗಿ ಬರುತ್ತಿರುತ್ತಾರೆ.

ಎಸೆತವನ್ನು ನಾನು ಕಲಿತದ್ದು ಶಿವಾಜಿ ಪಾರ್ಕ್‌ನಲ್ಲಿ, ಎರಡು ವರ್ಷಗಳ ಹಿಂದಿನ ಜೂನ್‌ನಲ್ಲಿ, ಆ ಸೋದರಳಿಯ ರಜೆಗೆ ಬಂದಿದ್ದಾಗ. ಮೊದಲ ಮಳೆ ಬಿದ್ದು ಮಣ್ಣು ಮೆತ್ತಗಾಗಿತ್ತು. ನಾನು ಬೌಂಡರಿಯಿಂದ ವಿಕೆಟ್ ಕೀಪರ್‌ಗೆ ಎಸೆಯುವ ಹಾಗೆ ಎಸೆದೆ. ಚೆಂಡು ಗಾಳಿಯಲ್ಲಿ ಪಲ್ಟಿ ಹೊಡೆಯುತ್ತ ಅಡ್ಡಾದಿಡ್ಡಿ ಹೋಗಿ ಬಿತ್ತು. “ಮಾಮ, ಅಂಗೈಗೆ ಅಂಟಿಸಿ ಹಿಡೀಬೇಡಿ, ಬೆರಳಲ್ಲಿ ಹಿಡೀರಿ” ಎಂದು ಅವನು ನನ್ನ ಬೆರಳುಗಳನ್ನು ಒಂದೊಂದಾಗಿ ಸರಿಪಡಿಸಿದ. ಉಂಗುರ ಬೆರಳೂ ಕಿರುಬೆರಳೂ ಹೊಲಿಗೆಯ ದಾರದ ಮೇಲೆ, ತೋರುಬೆರಳು ಚೆಂಡಿನ ತುದಿಯ ಕಡೆಗೆ, ಹೆಬ್ಬೆರಳು ಕೆಳಗೆ, ಅಂಗೈಗೂ ಚರ್ಮಕ್ಕೂ ನಡುವೆ ಗಾಳಿಯಾಡುವಷ್ಟು ಜಾಗ. ಬಿಡುವ ಕೊನೆಯ ಕ್ಷಣದಲ್ಲಿ ತೋರುಬೆರಳು ಚೆಂಡನ್ನು ಸವರಿ ಬಿಟ್ಟರೆ ಅದು ಬುಗುರಿಯಂತೆ ತನ್ನ ಅಕ್ಷದ ಮೇಲೆ ಸುತ್ತುತ್ತ ಗಾಳಿಯನ್ನು ಸೀಳಿಕೊಂಡು ಹೋಗುತ್ತದೆ. ಇದನ್ನೇ ಸ್ಪೈರಲ್ ಎನ್ನುತ್ತಾರೆ. ಸುಮಾರು ಹನ್ನೊಂದು ಇಂಚು ಉದ್ದ, ನಾನೂರು ಗ್ರಾಮ್‌ಗೆ ತುಸು ಹೆಚ್ಚು ತೂಕದ ಆ ಚೆಂಡಿಗೆ ವೇಗ ಬರುವುದು ತೋಳಿನಿಂದಲ್ಲ. ಹಿಂದಿನ ಕಾಲಿನಿಂದ ಹೊರಟ ಬಲ ಸೊಂಟದಲ್ಲಿ ತಿರುಗಿ ಭುಜಕ್ಕೆ ಏರಬೇಕು. ಮಗುವಿಗೆ ಕಲಿಸುವುದಾದರೆ ಪಾದದಿಂದ ಆರಂಭಿಸಿ. ಮೂರು ಹೆಜ್ಜೆ ಹಿಂದೆ ಸರಿದು, ನಿಂತು, ಎಸೆಯುವುದು. ಆಮೇಲೆ ಐದು ಹೆಜ್ಜೆ. ದಿನಕ್ಕೆ ನೂರಾರು ಎಸೆತ ಹಾಕಿಸಿ ಮೊಣಕೈ ಕೆಡಿಸುವುದು ಬೇಡ.

ಇನ್ನು ಕಾಗದಪತ್ರಗಳ ವಿಚಾರ. ಇದನ್ನು ಆಟಕ್ಕಿಂತ ಮುಂಚೆ ಹೇಳಬೇಕಿತ್ತು. ಏಕೆಂದರೆ ನಮ್ಮ ಮಕ್ಕಳು ಎಡವುವುದು ಬಹುಪಾಲು ಇಲ್ಲಿಯೇ. ಕಾಲೇಜು ಕ್ರೀಡೆಯನ್ನು ನಡೆಸುವ ಎನ್‌ಸಿಎಎ ಸಂಸ್ಥೆಯ ಮೊದಲ ದರ್ಜೆಯಲ್ಲಿ ಆಡಬೇಕಾದರೆ ಹುಡುಗ ಹೈಸ್ಕೂಲಿನ ನಾಲ್ಕು ವರ್ಷಗಳಲ್ಲಿ 16 ಮೂಲ ವಿಷಯಗಳನ್ನು ಮುಗಿಸಿರಬೇಕು: ಇಂಗ್ಲಿಷ್ ನಾಲ್ಕು ವರ್ಷ, ಗಣಿತ ಮೂರು, ವಿಜ್ಞಾನ ಎರಡು, ಸಮಾಜ ವಿಜ್ಞಾನ ಎರಡು, ಉಳಿದವು ಇವುಗಳಿಂದಲೂ ಭಾಷೆಯಂಥ ಇತರ ವಿಷಯಗಳಿಂದಲೂ. ಇವುಗಳಲ್ಲಿ ಹತ್ತು ವಿಷಯಗಳು ಕೊನೆಯ ವರ್ಷ ಆರಂಭವಾಗುವ ಮೊದಲೇ ಮುಗಿದಿರಬೇಕು, ಸರಾಸರಿ ದರ್ಜೆ ನಾಲ್ಕಕ್ಕೆ 2.3ಕ್ಕಿಂತ ಕಡಿಮೆಯಾಗಬಾರದು. ಈ ಗಡಿಯಾರ ಓಡಲು ಶುರುವಾಗುವುದು ಒಂಬತ್ತನೆಯ ತರಗತಿಗೆ ಕಾಲಿಟ್ಟ ದಿನದಿಂದ, ಅದು ಪುಣೆಯ ಶಾಲೆಯಾಗಿದ್ದರೂ ಸರಿ. ನಮ್ಮಲ್ಲಿ ಒಂಬತ್ತನೆಯ ತರಗತಿಯ ಅಂಕಪಟ್ಟಿಗೆ ಬೆಲೆ ಕೊಡುವವರಿಲ್ಲ, ಹತ್ತನೆಯದನ್ನು ಮಾತ್ರ ಜೋಪಾನ ಮಾಡುತ್ತೇವೆ. ತಂಗಿಯ ಮನೆಯವರೂ ಹಾಗೆಯೇ ಬಿಟ್ಟು ಹೋಗಿದ್ದರು. ಆ ಒಂದು ಹಾಳೆಗಾಗಿ ನಾನು ಮುಂಬೈಯಿಂದ ಮೂರು ಸಲ ಪುಣೆಗೆ ಹೋಗಿ, ಶಾಲೆಯ ಕಚೇರಿಯ ಮುಂದೆ ಕಾದು, ಸಹಿ ಮತ್ತು ಮೊಹರಿನೊಂದಿಗೆ ಇಂಗ್ಲಿಷ್ ಪ್ರತಿ ತಂದು ಕಳುಹಿಸಿದೆ. ನೀವು ಊರು ಬಿಡುವ ಮುನ್ನವೇ ಅದನ್ನು ಪಡೆದುಕೊಳ್ಳಿ.

ವೀಸಾ ಕೂಡ ಇಲ್ಲಿ ಮುಖ್ಯ. ಎಫ್-1 ವಿದ್ಯಾರ್ಥಿ ವೀಸಾದ ಮೇಲೆ ಸರ್ಕಾರಿ ಹೈಸ್ಕೂಲಿನಲ್ಲಿ ಓದಲು ಹನ್ನೆರಡು ತಿಂಗಳ ಮಿತಿಯಿದೆ, ಅದರ ಪೂರ್ತಿ ವೆಚ್ಚವನ್ನೂ ನಾವೇ ಭರಿಸಬೇಕು. ಖಾಸಗಿ ಶಾಲೆಗೆ ಆ ಮಿತಿಯಿಲ್ಲ. ತಂದೆ ತಾಯಿಯ ಕೆಲಸದ ವೀಸಾದ ಮೇಲೆ ಜೊತೆಯಲ್ಲಿ ಹೋದ ಮಗುವಿಗೆ ಈ ತೊಡಕಿಲ್ಲ.

ಹೈಸ್ಕೂಲಿನಲ್ಲಿ ಒಂಬತ್ತನೆಯವರ ತಂಡ, ಅದರ ಮೇಲೆ ಜೂನಿಯರ್ ವಾರ್ಸಿಟಿ, ಅದರ ಮೇಲೆ ಶಾಲೆಯ ಮುಖ್ಯ ತಂಡವಾದ ವಾರ್ಸಿಟಿ ಎಂದು ಮೂರು ಮೆಟ್ಟಿಲುಗಳಿರುವುದು ಸಾಮಾನ್ಯ. ಶಾಲಾ ಕ್ರಿಕೆಟ್‌ನ ಜೈಲ್ಸ್ ಶೀಲ್ಡ್, ಹ್ಯಾರಿಸ್ ಶೀಲ್ಡ್ ಏರಿ ಬಂದವರ ಕಥೆ ಕೇಳಿದ ಮುಂಬೈಯವರಿಗೆ ಈ ಏಣಿ ಹೊಸದೇನಲ್ಲ. ಪಂದ್ಯಗಳು ಆಗಸ್ಟ್ ಕೊನೆಯಿಂದ, ಹೆಚ್ಚಾಗಿ ಶುಕ್ರವಾರ ರಾತ್ರಿ ನಡೆಯುತ್ತವೆ. ಬೇಸಿಗೆಯಲ್ಲಿ ಏಳು ಮಂದಿಯ ಎಸೆತದ ಆಟ ಆಡಿಸುತ್ತಾರೆ, ಅದನ್ನು ತಪ್ಪಿಸಬಾರದು. ಈ ವಯಸ್ಸಿನಲ್ಲಿ ಕಲಿಯಬೇಕಾದ ವಿದ್ಯೆ ಎಂದರೆ ಎದುರು ತಂಡವನ್ನು ಓದುವುದು. ಆಳದಲ್ಲಿ ಕಾವಲಿಗೆ ನಿಂತ ಸೇಫ್ಟಿ ಒಬ್ಬನೋ ಇಬ್ಬರೋ ಎಂದು ಮೊದಲು ಎಣಿಸಬೇಕು. ಚೆಂಡು ಕೈಗೆ ಬರುವ ಮುನ್ನ ನಮ್ಮ ರಿಸೀವರ್ ಒಬ್ಬನನ್ನು ಮೈದಾನದ ಒಂದು ಬದಿಯಿಂದ ಇನ್ನೊಂದು ಬದಿಗೆ ಓಡಿಸಿ, ಅವನ ಹಿಂದೆಯೇ ಎದುರಾಳಿಯೊಬ್ಬ ಬಂದರೆ ಅವರು ಆಳಿಗೊಬ್ಬ ಆಳಿನಂತೆ ಕಾಯುತ್ತಿದ್ದಾರೆ, ಬಾರದಿದ್ದರೆ ಜಾಗ ಹಂಚಿಕೊಂಡು ಕಾಯುತ್ತಿದ್ದಾರೆ ಎಂದು ಬಹುಮಟ್ಟಿಗೆ ತಿಳಿಯಬಹುದು. ಎಸೆಯಬೇಕಾದದ್ದು ರಿಸೀವರ್ ಇರುವ ಜಾಗಕ್ಕಲ್ಲ, ಅವನು ತಲುಪಲಿರುವ ಜಾಗಕ್ಕೆ. ಅಳಿಯ ಪಂದ್ಯದ ಮರುದಿನ ತನ್ನ ವಿಡಿಯೊವನ್ನು ನಿಲ್ಲಿಸಿ ನಿಲ್ಲಿಸಿ ನೋಡಿ, ಪ್ರತಿ ಎಸೆತದ ಎದುರು ತಾನು ಏನು ಕಂಡೆ, ಏನು ಕಾಣದೆ ಹೋದೆ ಎಂದು ನೋಟ್‌ಬುಕ್ಕಿನಲ್ಲಿ ಎರಡು ಕಾಲಂಗಳಲ್ಲಿ ಬರೆಯುತ್ತಾನೆ. ಎರಡನೆಯ ಕಾಲಂ ದಿನೇದಿನೇ ಗಿಡ್ಡವಾಗುತ್ತ ಬಂದದ್ದನ್ನು ನಾನು ನೋಡಿದ್ದೇನೆ.

ತಲೆಗೆ ಪೆಟ್ಟು ಬಿದ್ದ ವಿಷಯವನ್ನು ಮಗು ಮುಚ್ಚಿಡದಂತೆ ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ. ಪೆಟ್ಟಿನ ಅನುಮಾನ ಬಂದರೂ ಆಟಗಾರನನ್ನು ಹೊರಗೆ ಕರೆದು, ವೈದ್ಯರ ಒಪ್ಪಿಗೆಯಿಲ್ಲದೆ ಮತ್ತೆ ಇಳಿಸಬಾರದೆಂಬ ನಿಯಮ ಅಲ್ಲಿದೆ. ಜಾಗ ಕಳೆದುಕೊಳ್ಳುವ ಭಯದಿಂದ ಹುಡುಗರು ಸುಮ್ಮನಿದ್ದುಬಿಡುತ್ತಾರೆ.

ಕಾಲೇಜಿನವರು ಸಾಮಾನ್ಯವಾಗಿ ವರ್ಷಕ್ಕೆ ಒಬ್ಬನನ್ನೋ ಇಬ್ಬರನ್ನೋ ಈ ಸ್ಥಾನಕ್ಕೆ ತೆಗೆದುಕೊಳ್ಳುತ್ತಾರೆ. ಕರೆ ಬರಲಿಲ್ಲವೆಂದು ಕುಗ್ಗಬಾರದು. ಕ್ಯಾಲಿಫೋರ್ನಿಯಾದ ಫೈರ್‌ಬಾ ಎಂಬ ಸಣ್ಣ ಊರಿನ ರೈತನ ಮಗ ಜಾಶ್ ಆಲನ್‌ಗೆ ಹೈಸ್ಕೂಲ್ ಮುಗಿದಾಗ ದೊಡ್ಡ ವಿಶ್ವವಿದ್ಯಾಲಯ ಯಾವುದೂ ಜಾಗ ಕೊಡಲಿಲ್ಲ. ರೀಡ್ಲಿ ಎಂಬ ಎರಡು ವರ್ಷದ ಕಾಲೇಜಿನಲ್ಲಿ ಆಡಿದ, ಅಲ್ಲಿಂದ ವಯೋಮಿಂಗ್‌ಗೆ ಹೋದ, ಎನ್‌ಎಫ್‌ಎಲ್ ತಂಡಗಳು ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್‌ನಲ್ಲಿ 2018ರಲ್ಲಿ ಏಳನೆಯವನಾಗಿ ಆಯ್ಕೆಯಾದ. ಆರನ್ ರಾಜರ್ಸ್ ಕೂಡ ಬ್ಯೂಟ್ ಕಾಲೇಜಿನಿಂದ ಬರ್ಕ್‌ಲಿಗೆ ಏರಿದವನು. ಜೋ ಬರೋ ಓಹಾಯೊ ಸ್ಟೇಟ್‌ನಲ್ಲಿ ಬೆಂಚಿನ ಮೇಲೆ ಕೂತು ಸಾಕಾಗಿ ಲೂಸಿಯಾನಾ ಸ್ಟೇಟ್‌ಗೆ ಸೇರಿಕೊಂಡ. 2019ರಲ್ಲಿ ಕಾಲೇಜಿನ ಅತ್ಯುತ್ತಮ ಆಟಗಾರನಿಗೆ ಸಲ್ಲುವ ಹೈಸ್ಮನ್ ಟ್ರೋಫಿ ಗೆದ್ದ, ಮರುವರ್ಷ ಡ್ರಾಫ್ಟ್‌ನ ಮೊದಲ ಆಯ್ಕೆಯಾದ. ಮೂವರೂ ಆಡಲು ಸಿಗುವ ಕಡೆಗೆ ಹೋದರು ಎಂಬುದನ್ನು ಗಮನಿಸಿ. 2018ರಲ್ಲಿ ವರ್ಗಾವಣೆಯ ಪೋರ್ಟಲ್ ಬಂದ ಮೇಲೆ ಕಾಲೇಜು ಬದಲಿಸುವುದು ಸುಲಭವಾಗಿದೆ, ಆದರೆ ಬದಲಿಸುವ ಮುನ್ನ ಓದಿದ ವಿಷಯಗಳು ಹೊಸ ಕಡೆ ಲೆಕ್ಕಕ್ಕೆ ಬರುತ್ತವೆಯೇ ಎಂದು ಕೇಳಲೇಬೇಕು. 2021ರ ಜುಲೈಯಿಂದ ಆಟಗಾರರು ತಮ್ಮ ಹೆಸರು, ಮುಖಗಳನ್ನು ಜಾಹೀರಾತಿಗೆ ಬಳಸಿ ಹಣ ಗಳಿಸಬಹುದು. ಎಫ್-1 ವೀಸಾದಲ್ಲಿರುವವರು ಮಾತ್ರ ವಲಸೆ ಕಾನೂನಿನ ವಕೀಲರನ್ನು ಕೇಳದೆ ಒಂದು ರೂಪಾಯಿಯನ್ನೂ ಮುಟ್ಟಬಾರದು. ವೀಸಾ ಹೋದರೆ ಆಟವೂ ಹೋಯಿತು, ಓದೂ ಹೋಯಿತು.

ಹೈಸ್ಕೂಲ್ ಮುಗಿಸಿ ಮೂರು ವರ್ಷ ಕಳೆಯದೆ ಎನ್‌ಎಫ್‌ಎಲ್ ಡ್ರಾಫ್ಟ್‌ಗೆ ಅರ್ಹತೆ ಬರುವುದಿಲ್ಲ. ಡ್ರಾಫ್ಟ್ ಎಂದರೆ ಐಪಿಎಲ್ ಹರಾಜಿನಂತೆ ಹಣ ಕೂಗುವುದಲ್ಲ. ಏಳು ಸುತ್ತುಗಳಲ್ಲಿ ತಂಡಗಳು ಸರದಿಯಂತೆ ಒಬ್ಬೊಬ್ಬರನ್ನು ಆರಿಸುತ್ತವೆ, ಹಿಂದಿನ ವರ್ಷ ಸೋತ ತಂಡಕ್ಕೆ ಮೊದಲ ಸರದಿ. ಅದಕ್ಕೂ ಮೊದಲು ಇಂಡಿಯಾನಾಪೊಲಿಸ್‌ನಲ್ಲಿ ನಡೆಯುವ ಕಂಬೈನ್ ಎಂಬ ಪರೀಕ್ಷೆಯಲ್ಲಿ ಎತ್ತರವನ್ನೂ ಕೈಯ ಅಗಲವನ್ನೂ ಅಳೆಯುತ್ತಾರೆ, ಎಸೆಸುತ್ತಾರೆ, ತರಬೇತುದಾರರು ಕೋಣೆಯಲ್ಲಿ ಕೂರಿಸಿಕೊಂಡು ಹಳೆಯ ಪಂದ್ಯಗಳ ಬಗ್ಗೆ ಪ್ರಶ್ನಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಹುಡುಗ ಹೆಚ್ಚಿನ ತಯಾರಿ ಮಾಡಬೇಕಾದದ್ದು ಆ ಕೋಣೆಗೆ. ಅಳತೆಗಳು ಎಷ್ಟೋ ಸಲ ತಪ್ಪಿವೆ: ಟಾಮ್ ಬ್ರೇಡಿ 2000ದಲ್ಲಿ 199ನೆಯವನಾಗಿ ಆಯ್ಕೆಯಾಗಿ ಎನ್‌ಎಫ್‌ಎಲ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲನ್ನು ಏಳು ಸಲ ಗೆದ್ದ, ಬ್ರಾಕ್ ಪರ್ಡಿ 2022ರ ಡ್ರಾಫ್ಟ್‌ನ ಕಟ್ಟಕಡೆಯ, 262ನೆಯ ಆಯ್ಕೆಯಾಗಿದ್ದು, ಅದೇ ವರ್ಷ ಸ್ಯಾನ್ ಫ್ರಾನ್ಸಿಸ್ಕೊ ತಂಡದ ಮುಖ್ಯ ಕ್ವಾರ್ಟರ್‌ಬ್ಯಾಕ್ ಆದ.

ವೃತ್ತಿಪರ ತಂಡ ಸೇರಿದ ಮೇಲೆ ಮಾತ್ರ ನನ್ನ ಸಲಹೆ ಬದಲಾಗುತ್ತದೆ. ಅಲ್ಲಿ ಒಂದೆರಡು ವರ್ಷ ಹಿಂದೆ ನಿಂತು ಕಲಿಯುವುದು ನಷ್ಟವಲ್ಲ. ರಾಜರ್ಸ್ ಮೂರು ವರ್ಷ ಬ್ರೆಟ್ ಫಾರ್ವ್‌ನ ಹಿಂದೆ ನಿಂತ, ಪ್ಯಾಟ್ರಿಕ್ ಮಹೋಮ್ಸ್ ಮೊದಲ ವರ್ಷ ಅಲೆಕ್ಸ್ ಸ್ಮಿತ್‌ನ ಹಿಂದೆ ನಿಂತ. ಕಾರಣ ಅಲ್ಲಿನ ವೇಗ. ಎರಡು ಅವಕಾಶಗಳ ನಡುವಿನ 40 ಸೆಕೆಂಡುಗಳಲ್ಲಿ ತರಬೇತುದಾರನ ದನಿ ಹೆಲ್ಮೆಟ್ಟಿನೊಳಗಿನ ಸ್ಪೀಕರಿನಲ್ಲಿ ಕೇಳಿಸುತ್ತದೆ. 15 ಸೆಕೆಂಡು ಉಳಿದಾಗ ಆ ದನಿ ಕಡಿದುಹೋಗುತ್ತದೆ. ಹತ್ತು ಹನ್ನೆರಡು ಪದಗಳ ಆ ಆದೇಶವನ್ನು ಹತ್ತು ಮಂದಿಗೆ ಒಂದು ಪದವೂ ಬಿಡದೆ ಹೇಳಿ, ಸಾಲಿಗೆ ಬಂದು ಎದುರಿನವರನ್ನು ಓದಿ, ಬೇಕಿದ್ದರೆ ಆ ಆದೇಶವನ್ನೇ ಬದಲಿಸಬೇಕು. ಇದರ ಅಭ್ಯಾಸ ಮನೆಯಲ್ಲೂ ಆಗುತ್ತದೆ: ಒಬ್ಬರು ಉದ್ದದ ವಾಕ್ಯವನ್ನು ಒಮ್ಮೆ ಓದಲಿ, ಹುಡುಗ ಅದನ್ನು ತಡವರಿಸದೆ ತಿರುಗಿ ಹೇಳಲಿ.

ಡ್ರಾಫ್ಟ್‌ನಲ್ಲಿ ಹೆಸರು ಬಾರದವರಿಗೂ ಬಾಗಿಲುಗಳಿವೆ. 1978ರಲ್ಲಿ ಯಾರೂ ಆರಿಸದ ವಾರನ್ ಮೂನ್ ಕೆನಡಾದ ಎಡ್ಮಂಟನ್ ತಂಡದಲ್ಲಿ ಆಡಿ ಅಲ್ಲಿನ ಲೀಗ್‌ನ ಪ್ರಶಸ್ತಿಯಾದ ಗ್ರೇ ಕಪ್ಪನ್ನು ಐದು ಸಲ ಗೆದ್ದು 1984ರಲ್ಲಿ ಹ್ಯೂಸ್ಟನ್‌ಗೆ ಬಂದ. ಕರ್ಟ್ ವಾರ್ನರ್ ಕಿರಾಣಿ ಅಂಗಡಿಯಲ್ಲಿ ರಾತ್ರಿ ಪಾಳಿಯಲ್ಲಿ ಸಾಮಾನು ಜೋಡಿಸುತ್ತ, ಒಳಾಂಗಣ ಲೀಗ್‌ನಲ್ಲಿ ಆಡಿ, ಆಮ್‌ಸ್ಟರ್‌ಡ್ಯಾಮ್‌ನ ತಂಡದಲ್ಲಿ ಆಡಿ, 2000ದ ಜನವರಿಯ ಸೂಪರ್ ಬೌಲ್‌ನಲ್ಲಿ ಶ್ರೇಷ್ಠ ಆಟಗಾರನೆನಿಸಿದ.

ಇಲ್ಲಿಯೇ ಇರುವ ಮಕ್ಕಳು ಫ್ಲ್ಯಾಗ್ ಫುಟ್‌ಬಾಲ್‌ನಿಂದ ಆರಂಭಿಸಬಹುದು. ಐದೈದು ಮಂದಿ, 50 ಗಜ ಉದ್ದ, 25 ಗಜ ಅಗಲದ ಅಂಗಳ, ಎರಡು ತುದಿಗೂ ಹತ್ತು ಗಜದ ಅಂಕಣ. ಹೆಲ್ಮೆಟ್ ಬೇಡ, ಕವಚ ಬೇಡ. ಅದರಲ್ಲಿ ಕ್ವಾರ್ಟರ್‌ಬ್ಯಾಕ್ ತಾನೇ ಚೆಂಡು ಹಿಡಿದು ಮುಂದಕ್ಕೆ ಓಡುವಂತಿಲ್ಲ, ಏಳು ಗಜ ದೂರದಿಂದ ಎದುರಾಳಿ ಅವನತ್ತ ನುಗ್ಗಿ ಬರಬಹುದು. ಹಾಗಾಗಿ ನೋಡಿ ಎಸೆಯುವುದೊಂದೇ ಅವನ ಪಾಲಿಗೆ ಉಳಿಯುವುದು. ಹುಡುಗಿಯರಿಗೂ ಒಲಿಂಪಿಕ್ಸ್‌ನಲ್ಲಿ ಸ್ಪರ್ಧೆಯಿದೆ. ಹತ್ತು ಮಕ್ಕಳು, ಒಂದು ಚೆಂಡು, ಸೊಂಟಕ್ಕೆ ಸಿಕ್ಕಿಸಲು ಹಳೆಯ ಪಂಚೆಯ ಚೂರುಗಳು ಸಿಕ್ಕರೆ ಭಾನುವಾರ ಬೆಳಿಗ್ಗೆ ಶಿವಾಜಿ ಪಾರ್ಕ್‌ನ ಒಂದು ಮೂಲೆಯಲ್ಲಿಯೇ ಆಡಬಹುದು. ಒಬ್ಬರು ಬದಿಯಲ್ಲಿ ನಿಂತು ಮೊಬೈಲಿನಲ್ಲಿ ಪೂರ್ತಿ ಆಟವನ್ನು ಚಿತ್ರಿಸಲಿ.