ಗ್ಲೋ ಎಂಜಿನ್ ಕೂರಿಸುವ ಮೊದಲು ಟ್ಯಾಂಕ್ ಅಳೆಯಿರಿ

ರೇಡಿಯೊ ಕಂಟ್ರೋಲ್ ವಿಮಾನದ ಮೂತಿಗೆ ಗ್ಲೋ ಎಂಜಿನ್ (ಸ್ಪಾರ್ಕ್ ಇಲ್ಲದೆ ಮೆಥನಾಲ್ ಇಂಧನದಲ್ಲಿ ಓಡುವ ಪುಟ್ಟ ಎಂಜಿನ್) ಬಿಗಿಯುವುದು ಕಷ್ಟದ ಕೆಲಸವಲ್ಲ. ನೆಲದ ಮೇಲೆ ಸೊಗಸಾಗಿ ಓಡಿದ ಎಂಜಿನ್ ಮೇಲೇರಿದ ಹತ್ತನೇ ಸೆಕೆಂಡಿಗೆ ಉಸಿರು ಕಟ್ಟಿದಂತಾಗಿ ನಿಂತುಬಿಡುತ್ತದಲ್ಲ, ಆಗ ಎಲ್ಲರ ಕೈಯೂ ನೀಡಲ್ (ಇಂಧನದ ಹರಿವನ್ನು ಹೆಚ್ಚುಕಡಿಮೆ ಮಾಡುವ ತಿರುಪು) ತಿರುಗಿಸಲು ಹೋಗುತ್ತದೆ. ಬಹಳ ಸಲ ತಪ್ಪು ಇರುವುದು ಫೈರ್‌ವಾಲ್ (ಎಂಜಿನ್ ಬಿಗಿಯುವ ಅಡ್ಡಹಲಗೆ) ಹಿಂದಿನ ಪ್ಲಾಸ್ಟಿಕ್ ಟ್ಯಾಂಕಿನಲ್ಲಿ. ಆದ್ದರಿಂದ ಟ್ಯಾಂಕಿನ ಎತ್ತರ ಮೊದಲು, ಎಂಜಿನ್ ಬಿಗಿಯುವ ರಂಧ್ರ ಆಮೇಲೆ. ಇಲ್ಲಿನ ಅಳತೆಗಳು 40ರಿಂದ 46 ಗಾತ್ರದ, ಅಂದರೆ ಸುಮಾರು 6.5ರಿಂದ 7.5 ಸಿಸಿಯ ಟು-ಸ್ಟ್ರೋಕ್ ಗ್ಲೋ ಎಂಜಿನ್ನಿಗೆ, ಒಂದೂವರೆ ಮೀಟರ್ ರೆಕ್ಕೆಯ ಟ್ರೈನರ್ ವಿಮಾನಕ್ಕೆ.

ಟ್ಯಾಂಕ್ 240ರಿಂದ 300 ಮಿ.ಲೀ. ಸಾಕು. ಈ ಗಾತ್ರದ ಎಂಜಿನ್ ಪೂರ್ತಿ ಥ್ರಾಟಲ್‌ನಲ್ಲಿ ನಿಮಿಷಕ್ಕೆ 25–30 ಮಿ.ಲೀ. ಕುಡಿಯುತ್ತದೆ, 300 ಮಿ.ಲೀ.ಗೆ ಹತ್ತು ನಿಮಿಷ ಖಂಡಿತ. ಇನ್ನೂ ದೊಡ್ಡ ಟ್ಯಾಂಕ್ ಹಾಕಿದರೆ ಹಾರಾಟದ ಮೊದಲಿಗೂ ಕೊನೆಗೂ ಮೂತಿಯ ಭಾರದಲ್ಲಿ ವ್ಯತ್ಯಾಸ ಜಾಸ್ತಿ. 300 ಮಿ.ಲೀ. ಇಂಧನವೇ ಸುಮಾರು 260 ಗ್ರಾಂ ತೂಗುತ್ತದೆ. ಹಾಗಾಗಿ ಸಮತೋಲದ ಬಿಂದುವನ್ನು ಯಾವಾಗಲೂ ಟ್ಯಾಂಕ್ ಖಾಲಿ ಇಟ್ಟುಕೊಂಡೇ ನೋಡಬೇಕು.

ಟ್ಯಾಂಕ್ ಜೋಡಣೆ

ರಬ್ಬರ್ ಬಿರಡೆಯಲ್ಲಿ ಎರಡು ಹಿತ್ತಾಳೆ ಕೊಳವೆ ಇರುತ್ತವೆ. ಒಂದನ್ನು ಟ್ಯಾಂಕಿನ ಒಳಗೆ ಮೇಲಕ್ಕೆ ಬಾಗಿಸಿ, ತುದಿ ಮೇಲ್ಛಾವಣಿಗೆ ತಾಗುವುದಕ್ಕೆ 2 ಮಿ.ಮೀ. ಬಾಕಿ ಇರುವಂತೆ ಬಿಡಿ. ಇದು ಗಾಳಿ ಬರುವ ದಾರಿ. ಹೊರತುದಿ ಸೈಲೆನ್ಸರಿನ ನಿಪ್ಪಲ್‌ಗೆ ಹೋಗುತ್ತದೆ. ಇನ್ನೊಂದು ಕೊಳವೆಗೆ ಸಿಲಿಕೋನ್ ಟ್ಯೂಬ್, ಅದರ ತುದಿಗೆ ಕ್ಲಂಕ್ ಎಂಬ ಲೋಹದ ಗುಂಡು. ವಿಮಾನ ಹೇಗೆ ತಿರುಗಿದರೂ ಇಂಧನ ಇರುವ ಕಡೆಗೇ ಈ ಗುಂಡೂ ಜಾರುತ್ತದೆ. ಕ್ಲಂಕ್ ಮತ್ತು ಟ್ಯಾಂಕಿನ ಹಿಂಗೋಡೆಯ ನಡುವೆ 5–6 ಮಿ.ಮೀ. ಸಂದು ಬೇಕು. ತಾಗಿದರೆ ಮೂತಿ ಮೇಲೆತ್ತಿದಾಗ ಗೋಡೆಗೆ ಅಂಟಿ ಹೀರುವ ಬಾಯಿ ಮುಚ್ಚಿಕೊಳ್ಳುತ್ತದೆ. ಬಿರಡೆ ಹಾಕಿದ ಮೇಲೆ ಟ್ಯಾಂಕನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ: ನಾಲ್ಕೂ ಬದಿಗೆ ಟಕ್ ಟಕ್ ಎಂದು ಬಡಿಯಬೇಕು.

ಮೆತ್ತನೆಯ ಟ್ಯೂಬಿನಿಂದ ಒಂದು ಕಿರಿಕಿರಿ ಇದೆ. ಮೂತಿ ನೆಲಕ್ಕೆ ಬಡಿದಾಗ ಕ್ಲಂಕ್ ಮುಂದಕ್ಕೆ ಹಾರಿ, ಟ್ಯೂಬ್ ಮಡಿಸಿಕೊಂಡು ಅಲ್ಲೇ ಸಿಕ್ಕಿಬೀಳುತ್ತದೆ. ಮುಂದಿನ ಹಾರಾಟದಲ್ಲಿ ಅರ್ಧ ಟ್ಯಾಂಕ್ ಇಂಧನ ಇದ್ದಂತೆಯೇ ಎಂಜಿನ್ ಸಾಯುತ್ತದೆ. ಟ್ಯೂಬಿನ ನಡುವೆ ಒಂದಿಷ್ಟು ಉದ್ದದ ಹಿತ್ತಾಳೆ ಕೊಳವೆ ತೂರಿಸಿದರೆ ಮಡಿಕೆ ಬೀಳುವುದಿಲ್ಲ. ಎರಡೂ ಕೊನೆಗೆ ಸಿಲಿಕೋನ್ ಉಳಿದಿರುವುದರಿಂದ ಕ್ಲಂಕ್ ಕೆಳಕ್ಕೆ ಬೀಳುವುದಕ್ಕೂ ತೊಂದರೆಯಿಲ್ಲ. ಕತ್ತರಿಸಿದ ಹಿತ್ತಾಳೆಯ ಬಾಯನ್ನು ಅರದಿಂದ ಉಜ್ಜಿ ನಯ ಮಾಡದಿದ್ದರೆ ಮುಳ್ಳು ಟ್ಯೂಬನ್ನು ಸೀಳುತ್ತದೆ. ಕೂದಲೆಳೆಯಷ್ಟು ಸೀಳು ಸಾಕು, ಇಂಧನದ ಜೊತೆಗೆ ಗಾಳಿಯೂ ಹೋಗುತ್ತದೆ.

ಬಿರಡೆಯ ಸ್ಕ್ರೂ ಬಿಗಿಯುವಾಗ ರಬ್ಬರ್ ಸ್ವಲ್ಪ ಉಬ್ಬಿದರೆ ನಿಲ್ಲಿಸಿ. ಜಾಸ್ತಿ ಬಿಗಿದರೆ ಟ್ಯಾಂಕಿನ ಕತ್ತು ಬಿರಿಯುತ್ತದೆ. ನಂತರ ಬಕೆಟ್ ನೀರಿನಲ್ಲಿ ಮುಳುಗಿಸಿ, ಒಂದು ಕೊಳವೆ ಮುಚ್ಚಿ, ಇನ್ನೊಂದರಿಂದ ಸಿರಿಂಜಿನಲ್ಲಿ ಗಾಳಿ ಒತ್ತಿ ನೋಡಿ. ಒಂದೇ ಒಂದು ಗುಳ್ಳೆ ಬಂದರೂ ಬಿಚ್ಚಿ ಮತ್ತೆ ಹಾಕಿ. ಬಾಯಿಂದ ಊದುವ ಅಭ್ಯಾಸ ಬೇಡ, ಮೆಥನಾಲ್ ವಿಷ.

ಎತ್ತರ

ಟ್ಯಾಂಕ್ ತನ್ನ ಜಾಗದಲ್ಲಿ ಮಲಗಿದಾಗ ಅದರ ನಡುಗೆರೆ ಕಾರ್ಬುರೇಟರಿನ ಇಂಧನ ರಂಧ್ರದ ಮಟ್ಟಕ್ಕೆ, ಇಲ್ಲವೇ ಅದಕ್ಕಿಂತ 10 ಮಿ.ಮೀ.ವರೆಗೆ ಕೆಳಗೆ ಬರಬೇಕು. ವಿಮಾನದ ಹೊಟ್ಟೆಯನ್ನು ಮೇಜಿನ ಮೇಲೆ ಸಮನಾಗಿ ಕೂರಿಸಿ, ಮೇಜಿನಿಂದ ಎರಡಕ್ಕೂ ಸ್ಕೇಲ್ ಹಿಡಿದು ಅಳೆಯಿರಿ. ಟ್ಯಾಂಕ್ ಎತ್ತರದಲ್ಲಿದ್ದರೆ ವಿಮಾನ ಸುಮ್ಮನೆ ನಿಂತಿರುವಾಗಲೇ ಇಂಧನ ಹರಿದು ಕಾರ್ಬುರೇಟರ್ ತುಂಬುತ್ತದೆ. ಸ್ಟಾರ್ಟ್ ಮಾಡುವಾಗ ಪ್ರಾಪ್ (ಪ್ರೊಪೆಲರ್) ಕಲ್ಲಿನಂತೆ ಬಿಗಿಯಾಗುತ್ತದೆ. ತೀರಾ ತಗ್ಗಿನಲ್ಲಿದ್ದರೆ ಟ್ಯಾಂಕ್ ಖಾಲಿಯಾಗುತ್ತ ಬಂದಂತೆ ಮಿಶ್ರಣ ಲೀನ್ ಆಗಿ (ಗಾಳಿ ಹೆಚ್ಚು, ಇಂಧನ ಕಡಿಮೆ) ಎಂಜಿನ್ ವಿಪರೀತ ಬಿಸಿಯಾಗುತ್ತದೆ. ಎಂಜಿನ್ನನ್ನು ತಲೆಕೆಳಗಾಗಿ ಕೂರಿಸಿದರೆ ಕಾರ್ಬುರೇಟರ್ ಕೆಳಗಿಳಿಯುವುದರಿಂದ ಮೊದಲನೆಯ ಕಾಟ ಹೆಚ್ಚು. ಮೊದಲ ವಿಮಾನಕ್ಕೆ ಸಿಲಿಂಡರ್ ಮೇಲ್ಮುಖವಾಗಿಯೇ ಇರಲಿ, ಚೆಂದಕ್ಕಾಗಿ ತಲೆಕೆಳಗು ಮಾಡುವುದು ಬೇಡ.

ನಾಲ್ಕೈದು ಮಿ.ಮೀ. ವ್ಯತ್ಯಾಸವಿದ್ದರೆ ಟ್ಯಾಂಕಿನ ಅಡಿಯ ಸ್ಪಂಜು ಏರಿಸಿ ಇಳಿಸಿ ಸರಿಪಡಿಸಬಹುದು. ಸ್ಪಂಜಂತೂ ಇರಲೇಬೇಕು. 10 ಮಿ.ಮೀ. ದಪ್ಪದ ಮೆತ್ತನೆಯದನ್ನು ಸುತ್ತಲೂ, ಮುಂದೆ ಫೈರ್‌ವಾಲಿಗೂ ಟ್ಯಾಂಕಿಗೂ ನಡುವೆಯೂ ಇಡಿ. ಟ್ಯಾಂಕ್ ಮರಕ್ಕೆ ನೇರ ತಾಗಿದರೆ ನಡುಕಕ್ಕೆ ಇಂಧನ ನೊರೆಯೇಳುತ್ತದೆ, ನೊರೆ ಎಂದರೆ ಗಾಳಿ. ಒತ್ತಿ ತುರುಕಿದ ಸ್ಪಂಜೂ ಮರದಷ್ಟೇ ಗಟ್ಟಿ. ಟ್ಯಾಂಕನ್ನು ತೆಳು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಆಮೇಲೆ ಸ್ಪಂಜು ಸುತ್ತಿದರೆ ಸೋರಿದ ಎಣ್ಣೆಯನ್ನು ಸ್ಪಂಜು ಕುಡಿಯುವುದಿಲ್ಲ.

ಎಂಜಿನ್

ಫೈರ್‌ವಾಲ್ 6 ಮಿ.ಮೀ. ಪ್ಲೈವುಡ್ ಇರಲಿ. ಮಳೆಗಾಲದ ಕೊಡಗಿನ ಗಾಳಿಗೆ ವಿಮಾನದ ಹಗುರ ಬಾಲ್ಸಾ ಮರ ತೇವ ಎಳೆದುಕೊಳ್ಳುತ್ತದೆ, ಅದರ ಮೇಲೆ ಎಂಜಿನ್ ಉಗುಳುವ ಎಣ್ಣೆ. ಆದ್ದರಿಂದ ಒಣ ದಿನ ನೋಡಿ ಫೈರ್‌ವಾಲಿನ ಮುಂಬದಿ, ಟ್ಯಾಂಕ್ ಗೂಡಿನ ಒಳಮೈ ಎರಡಕ್ಕೂ ನಿಧಾನವಾಗಿ ಒಣಗುವ ಅರಾಲ್ಡೈಟ್ ತೆಳ್ಳಗೆ ಬಳಿಯಿರಿ. ಹೇರ್ ಡ್ರೈಯರ್ ಹಿಡಿದರೆ ನೀರಾಗಿ ಹರಡುತ್ತದೆ. ರಂಧ್ರಗಳನ್ನು ಕೊರೆದ ಮೇಲೆ ಅವುಗಳ ಒಳಗೋಡೆಗೂ ಬಳಿಯುವುದನ್ನು ಮರೆಯಬೇಡಿ. ಎಣ್ಣೆ ಇಳಿಯುವುದು ಅಲ್ಲಿಂದಲೇ.

ಎಂಜಿನ್ ಸ್ವಲ್ಪ ಬಲಕ್ಕೆ, ಸುಮಾರು 2 ಡಿಗ್ರಿ, ಮುಖ ಮಾಡಬೇಕು. ಬಲ ಎಂದರೆ ಕಾಕ್‌ಪಿಟ್‌ನಲ್ಲಿ ಕೂತವನ ಬಲ. ಹಲವು ಸಿದ್ಧ ಕಿಟ್‌ಗಳಲ್ಲಿ ಫೈರ್‌ವಾಲೇ ಓರೆಯಾಗಿರುತ್ತದೆ, ಮೊದಲು ಅದನ್ನು ನೋಡಿ, ಇಲ್ಲದಿದ್ದರೆ ಓರೆ ದುಪ್ಪಟ್ಟಾಗುತ್ತದೆ. ನೇರವಾಗಿದ್ದರೆ ಮೌಂಟಿನ (ಎಂಜಿನ್ ಕೂರುವ ನೈಲಾನ್ ಆಸರೆ) ಎಡಬದಿಯ ಎರಡು ಬೋಲ್ಟ್‌ಗಳ ಹಿಂದೆ ವಾಷರ್ ಇಡಿ: ಎಡ-ಬಲ ಬೋಲ್ಟ್‌ಗಳ ಅಂತರ 40 ಮಿ.ಮೀ. ಇದ್ದರೆ 1.4 ಮಿ.ಮೀ. ದಪ್ಪ. ಫೈರ್‌ವಾಲಿನಿಂದ ಪ್ರಾಪ್‌ವರೆಗೆ 100 ಮಿ.ಮೀ. ಇದ್ದರೆ ಈ ಓರೆಯಿಂದ ಶಾಫ್ಟಿನ ತುದಿ 3.5 ಮಿ.ಮೀ. ಬಲಕ್ಕೆ ಸರಿಯುತ್ತದೆ. ಮೌಂಟನ್ನು ಅಷ್ಟೇ ಎಡಕ್ಕೆ ಸರಿಸಿ ರಂಧ್ರ ಗುರುತು ಹಾಕಿದರೆ ಸ್ಪಿನ್ನರ್ (ಪ್ರಾಪಿನ ನಡುವಿನ ಚೂಪು ಟೊಪ್ಪಿ) ಮೂತಿಯ ನಡುಮಧ್ಯಕ್ಕೆ ಬಂದು ಕೂರುತ್ತದೆ. ಸ್ಪಿನ್ನರಿಗೂ ಮೂತಿಗೂ 2–3 ಮಿ.ಮೀ. ಸಂದು ಬಿಡಿ.

ಮೌಂಟಿಗೆ ನಾಲ್ಕು ಎಂ4 ಅಲನ್ ಬೋಲ್ಟ್, ಫೈರ್‌ವಾಲಿನ ಹಿಂದೆ ಟಿ-ನಟ್ (ಮರಕ್ಕೆ ಕಚ್ಚುವ ಮುಳ್ಳುಗಳಿರುವ ನಟ್). ಟಿ-ನಟ್ಟನ್ನು ಸುತ್ತಿಗೆಯಿಂದ ಹೊಡೆದರೆ ಪ್ಲೈವುಡ್ ಸಿಗಿಯುತ್ತದೆ. ಮುಂದಿನಿಂದ ಬೋಲ್ಟ್ ಮತ್ತು ದೊಡ್ಡ ವಾಷರ್ ಹಾಕಿ ತಿರುಗಿಸುತ್ತ ಒಳಗೆ ಎಳೆಯಿರಿ, ಅಂಚಿಗೆ ಅರಾಲ್ಡೈಟ್ ಮುಟ್ಟಿಸಿ, ನಟ್ಟಿನ ಒಳಗಿನ ಥ್ರೆಡ್ಡಿಗೆ ತಾಗದಂತೆ. ಎಂಜಿನ್ನಿನ ಕಿವಿಗಳನ್ನು (ಬೋಲ್ಟ್ ಹಾಕುವ ಎರಡು ಬದಿಯ ಚಾಚು) ನೈಲಾನ್ ಮೌಂಟಿನ ಮೇಲಿಟ್ಟು ಗುರುತು ಮಾಡಿ, ಸಾಧ್ಯವಿದ್ದರೆ ಡ್ರಿಲ್ ಸ್ಟ್ಯಾಂಡಿನಲ್ಲೇ ಕೊರೆಯಿರಿ. ಕೈಯಲ್ಲಿ ಹಿಡಿದರೆ ಬಿಟ್ ವಾಲಿ ನಾಲ್ಕನೇ ಬೋಲ್ಟ್ ಇಳಿಯುವುದೇ ಇಲ್ಲ. ಬೋಲ್ಟ್ ಕೆಳಗಡೆ ದಾಟುವ ಹಾಗಿದ್ದರೆ ನೈಲಾಕ್ ನಟ್ (ಒಳಗೆ ನೈಲಾನ್ ಉಂಗುರವಿದ್ದು ಸಡಿಲವಾಗದ ನಟ್) ಒಳ್ಳೆಯದು. ಬೋಲ್ಟ್ ಸಡಿಲವಾಗದಂತೆ ಹಿಡಿಯುವ ಲಾಕ್‌ಟೈಟ್ ಅಂಟನ್ನು ಲೋಹದಿಂದ ಲೋಹಕ್ಕೆ ಮಾತ್ರ ಹಾಕಬೇಕು, ಪ್ಲಾಸ್ಟಿಕ್ಕಿನಲ್ಲಿ ಅದು ಸರಿಯಾಗಿ ಹಿಡಿಯುವುದಿಲ್ಲ. ಮೊದಲ ಟ್ಯಾಂಕ್ ಓಡಿಸಿದ ಮೇಲೆ ಎಲ್ಲ ಬೋಲ್ಟ್‌ಗಳಿಗೂ ಮತ್ತೆ ಅಲನ್ ಕೀ ಹಾಕಿ, ಒಂದೆರಡಾದರೂ ಸಡಿಲವಾಗಿರುತ್ತವೆ.

ಇಂಧನ ತುಂಬುವುದು

ಗ್ಲೋ ಇಂಧನದಲ್ಲಿ ಮೆಥನಾಲ್ ಮುಖ್ಯ, ಶೇ. 18–20 ಎಣ್ಣೆ (ಹರಳೆಣ್ಣೆ ಅಥವಾ ಸಿಂಥೆಟಿಕ್), ಶೇ. 5–15 ನೈಟ್ರೊಮೀಥೇನ್. ತೋಟದ ಶೆಡ್ಡಿನಲ್ಲಿ ಕಳೆ ಕೊಯ್ಯುವ ಮೆಷಿನ್ನಿಗೆ ಕಲಸಿಟ್ಟ ಪೆಟ್ರೋಲ್ ಮತ್ತು 2ಟಿ ಆಯಿಲ್ ಇದೆಯಲ್ಲ, ಅದನ್ನು ಸುರಿಯಬೇಡಿ. ಗ್ಲೋ ಎಂಜಿನ್ನಿಗೆ ಸ್ಪಾರ್ಕ್ ಇಲ್ಲ. ಪ್ಲಗ್ಗಿನ ಪ್ಲಾಟಿನಂ ಸುರುಳಿ ಮೆಥನಾಲ್ ತಾಗಿ ಕೆಂಪಗೆ ಉಳಿಯುವುದರಿಂದಲೇ ಅದು ಓಡುವುದು. ಪೆಟ್ರೋಲಿಗೆ ಸಿಲಿಕೋನ್ ಟ್ಯೂಬ್ ಊದಿಕೊಂಡು ಕಳಚಿಬೀಳುತ್ತದೆ ಬೇರೆ.

ಎರಡು ಕೊಳವೆಯ ಟ್ಯಾಂಕ್ ತುಂಬುವಾಗ ಕಾರ್ಬುರೇಟರ್ ಟ್ಯೂಬ್ ಬಿಚ್ಚಿ ಅದರಿಂದ ತುಂಬಿ. ಸೈಲೆನ್ಸರ್ ಟ್ಯೂಬನ್ನೂ ಬಿಚ್ಚಿರಬೇಕು. ಅದರಿಂದ ಇಂಧನ ಹೊರಬಂದರೆ ತುಂಬಿತೆಂದು ಅರ್ಥ. ಬಿಚ್ಚದಿದ್ದರೆ ಉಕ್ಕಿದ್ದೆಲ್ಲ ಸೈಲೆನ್ಸರಿಗೆ, ಅಲ್ಲಿಂದ ಸಿಲಿಂಡರಿಗೆ. ಪ್ರಾಪ್ ಕೈಗೆ ಬಿಗಿಯಾದರೆ ಸ್ಟಾರ್ಟರ್ ಮೋಟಾರ್ ಹಚ್ಚಬೇಡಿ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಪ್ಲಗ್ ಬಿಚ್ಚಿ, ಪ್ರಾಪ್ ತಿರುಗಿಸಿ ಇಂಧನ ಹೊರಹಾಕಿ. ಮೆಥನಾಲ್ ಬೆಂಕಿ ಬಿಸಿಲಿನಲ್ಲಿ ಕಣ್ಣಿಗೆ ಕಾಣುವುದೇ ಇಲ್ಲ, ಒದ್ದೆ ಗೋಣಿ ಪಕ್ಕದಲ್ಲಿರಲಿ. ಪರೀಕ್ಷೆಗೆ ಕಾಫಿ ಕಣದ ಸಿಮೆಂಟ್ ನೆಲ ಹೇಳಿ ಮಾಡಿಸಿದಂತಿದೆ, ಆದರೆ ಕಾಫಿ ಹರಡಿರುವಾಗ ಬೇಡ. ಕಾಫಿ ಸುತ್ತಲಿನ ವಾಸನೆಯನ್ನೆಲ್ಲ ಹಿಡಿದುಕೊಳ್ಳುತ್ತದೆ. ಹುತ್ತರಿ ಕಳೆದು ಕೊಯ್ಲು ಮುಗಿದ ಗದ್ದೆ ಎಲ್ಲದಕ್ಕೂ ಮೇಲು, ಸುತ್ತ ಸಿಲ್ವರ್ ಓಕ್ ಎಷ್ಟು ಹತ್ತಿರ ಎಂಬುದನ್ನು ಮಾತ್ರ ನೋಡಿಕೊಳ್ಳಿ.

ನೀಡಲ್, ಘಟ್ಟ

ಎಂಜಿನ್ ಬಿಸಿಯಾದ ಮೇಲೆ ಪೂರ್ತಿ ಥ್ರಾಟಲ್ ಕೊಟ್ಟು, ಒಬ್ಬರು ಹಿಂದಿನಿಂದ ಹಿಡಿದುಕೊಂಡು ಮೂತಿಯನ್ನು ಆಕಾಶಕ್ಕೆ ಎತ್ತಲಿ. ಸದ್ದು ಚೂರು ಏರಿದರೆ ಸರಿ. ಕುಗ್ಗಿದರೆ ಲೀನ್, ನೀಡಲನ್ನು ಎರಡು ಮೂರು ಕ್ಲಿಕ್ ತೆರೆಯಿರಿ. ತೆರೆದ ಮೇಲೂ ಎತ್ತಿದಾಗಲೆಲ್ಲ ಕುಗ್ಗುತ್ತಿದ್ದರೆ ನೀಡಲ್ ಬಿಟ್ಟು ಟ್ಯಾಂಕಿನ ಕಡೆ ಹೋಗಿ: ಸೈಲೆನ್ಸರಿನ ಟ್ಯೂಬ್ ಸೋರುತ್ತಿದೆಯೇ, ಕ್ಲಂಕ್ ಮುಂದೆ ಸಿಕ್ಕಿದೆಯೇ, ನೊರೆ ಇದೆಯೇ.

ಮಡಿಕೇರಿ ಸಮುದ್ರ ಮಟ್ಟದಿಂದ 1,100 ಮೀಟರಿಗೂ ಎತ್ತರ. ಗಾಳಿ ತೆಳು, ಎಂಜಿನ್ನಿನ ಶಕ್ತಿ ಹತ್ತರಲ್ಲಿ ಒಂದು ಪಾಲಿನಷ್ಟು ಕಡಿಮೆ. 11x6 ಪ್ರಾಪ್ (11 ಇಂಚು ವ್ಯಾಸ, 6 ಇಂಚು ಪಿಚ್) ಎಳೆಯಲು ತಿಣುಕಿದರೆ 11x5 ಹಾಕಿ. ಮಂಗಳೂರಿನಲ್ಲಿ ಟ್ಯೂನ್ ಆದ ಎಂಜಿನ್ ಇಲ್ಲಿ ರಿಚ್ ಆಗಿ (ಇಂಧನ ಹೆಚ್ಚಾಗಿ) ಹೊಗೆಯುಗುಳುತ್ತ ಓಡುತ್ತದೆ, ಅದರಿಂದ ಹಾನಿಯಿಲ್ಲ. ಹಾನಿ ಇರುವುದು ಘಟ್ಟ ಇಳಿಯುವಾಗ. ಮಡಿಕೇರಿಯಲ್ಲಿ ಹದಮಾಡಿದ ನೀಡಲ್ ಕರಾವಳಿಯಲ್ಲಿ ಲೀನ್, ಒಂದೇ ಹಾರಾಟದಲ್ಲಿ ಪಿಸ್ಟನ್ ಉಜ್ಜಿಹೋಗಬಹುದು. ಕೆಳಗೆ ಹೋದಾಗ ಮೊದಲು ಕಾಲು ಸುತ್ತು ತೆರೆದು, ಆಮೇಲೆ ನಿಧಾನಕ್ಕೆ ಮುಚ್ಚುತ್ತ ಬನ್ನಿ.

ಮೆಥನಾಲ್ ಗಾಳಿಯ ತೇವವನ್ನು ಕುಡಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕ್ಯಾನಿನ ಮುಚ್ಚಳ ಬಿಗಿಯಾಗಿರಲಿ, ಅರ್ಧ ಉಳಿದ ಕ್ಯಾನನ್ನು ಚಿಕ್ಕದಕ್ಕೆ ಬಗ್ಗಿಸಿಡಿ. ದಿನದ ಹಾರಾಟ ಮುಗಿದ ಮೇಲೆ ಟ್ಯಾಂಕ್ ಬರಿದು ಮಾಡಿ, ಟ್ಯೂಬ್ ಕಳಚಿ ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಕಾರ್ಬುರೇಟರಿಗೂ ಪ್ಲಗ್ ರಂಧ್ರಕ್ಕೂ ನಾಲ್ಕು ಹನಿ ಮೆಷಿನ್ ಎಣ್ಣೆ ಬಿಟ್ಟು ಪ್ರಾಪನ್ನು ಕೈಯಿಂದ ಹತ್ತು ಸುತ್ತು ತಿರುಗಿಸಿ. ಒಂದೇ ಮಳೆಗಾಲಕ್ಕೆ ಬೇರಿಂಗ್ ತುಕ್ಕು ಹಿಡಿದು ಗರಗರ ಎನ್ನುವುದು ಇದನ್ನು ಬಿಟ್ಟವರ ಎಂಜಿನ್.